ಕಮಲಾಪುರದ ಹಾದಿಯಲ್ಲಿ ಚೀತಾ

“ಕಮಲಾಪುರದ ಕಡೆ ಚೀತಾ ಬಂದದಂತ” ಎಂಬ ಮಾತನ್ನು ಕಲಬುರಗಿಯ ಚಹಾದಂಗಡಿಗಳಲ್ಲಿ ನಾನು ಹಲವು ಸಲ ಕೇಳಿದ್ದೇನೆ. ಹಳ್ಳಿಯಲ್ಲಿ ಹುಟ್ಟಿದ ಸುದ್ದಿ ಸುಮಾರು 35 ಕಿಲೋಮೀಟರು ಬಂದು ನಗರ ಮುಟ್ಟುವಷ್ಟರಲ್ಲಿ ಆಫ್ರಿಕದ ಪ್ರಾಣಿಯೇ ತೊಗರಿಯ ಹೊಲಕ್ಕೆ ಇಳಿದಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕೂನೊ ಕಾಡಿಗೆ ತಂದದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರಲ್ಲವೆ? ಅಲ್ಲಿಂದ ತಪ್ಪಿಸಿಕೊಂಡದ್ದೇ ಇರಬೇಕೆಂದು ತರ್ಕ ಬೆಳೆಯುತ್ತದೆ.

ನನಗನಿಸುವಂತೆ, ಈ ಪರದೇಶಿ ಪ್ರಾಣಿ ಹುಟ್ಟಿದ್ದು ಕಾಡಿನಲ್ಲಲ್ಲ, ಭಾಷೆಯಲ್ಲಿ. ನಮ್ಮ ಸೀಮೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಉರ್ದು, ಹಿಂದಿಗಳ ಆಡುಮಾತಿನಲ್ಲಿ ಚೀತಾ ಎಂದರೆ ಬಹುಮಟ್ಟಿಗೆ ನಮ್ಮ ಚಿರತೆಯೇ. ಮರಾಠಿಯವರು ಅದನ್ನೇ ಬಿಬಟ್ಯಾ ಎನ್ನುತ್ತಾರೆ. ಹೊಲದವನು ಚಿರತೆಯನ್ನು ಕಂಡು ಚೀತಾ ಎಂದದ್ದು ತಪ್ಪಲ್ಲ. ಕೇಳಿದವನ ಕಿವಿಯಲ್ಲಿ ಅದು ಬೇರೆ ಪ್ರಾಣಿಯಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಚೀತಾ ಈ ನೆಲಕ್ಕೆ ಪರಕೀಯವೇನೂ ಅಲ್ಲ. ಕಮಲಾಪುರದಿಂದ ಹುಮನಾಬಾದಿನ ಮೇಲೆ ಬಸವಕಲ್ಯಾಣಕ್ಕೆ ಹೋಗಿ ನೋಡಿ. ಅಲ್ಲಿ 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಪಳಗಿಸಿದ ಚೀತಾಗಳಿಂದ ಬೇಟೆಯಾಡಿಸುವ ವಿನೋದದ ವರ್ಣನೆಯಿದೆ. ಭಾರತದಲ್ಲಿ ಇಂಥ ಬೇಟೆಗೆ ದೊರೆತ ಅತಿ ಹಳೆಯ ಲಿಖಿತ ದಾಖಲೆಗಳಲ್ಲಿ ಇದೊಂದು. ಚಿಗರಿ ಓಡಾಡುವ ಬಯಲು ಸೀಮೆಯೇ ಅದಕ್ಕೆ ತಕ್ಕ ನೆಲೆ. ಆಮೇಲೆ ದೇಶದಲ್ಲಿ ಚೀತಾಗಳು ಎಷ್ಟು ವಿರಳವಾದುವೆಂದರೆ, ಕಳೆದ ಶತಮಾನದ ಮೊದಲ ಭಾಗದಲ್ಲಿ ಕೊಲ್ಲಾಪುರದ ಅರಸರು ಬೇಟೆಗಾಗಿ ಆಫ್ರಿಕದಿಂದಲೇ ಅವನ್ನು ತರಿಸಿಕೊಂಡರು! 1952ರಲ್ಲಿ ಸರ್ಕಾರ ಅವು ಭಾರತದಲ್ಲಿ ನಶಿಸಿದುವೆಂದು ಘೋಷಿಸಿತು.

ಇಂಗ್ಲೆಂಡಿನವರಿಗೂ ಈ ಬಾಧೆ ತಪ್ಪಿಲ್ಲ. ಅಲ್ಲಿನ ಬಾಡ್ಮಿನ್ ಬಯಲಿನಲ್ಲಿ ಕರಿಯ ಹೆಬ್ಬೆಕ್ಕು ಅಲೆಯುತ್ತದೆಂಬ ಸುದ್ದಿಯನ್ನು 1995ರಲ್ಲಿ ಸರ್ಕಾರವೇ ವಿಚಾರಿಸಿತು. ಖಚಿತ ಸಾಕ್ಷ್ಯ ಸಿಗಲಿಲ್ಲ. ಅದೇ ವರ್ಷ ಹತ್ತಿರದ ನದಿಯಲ್ಲಿ ಚಿರತೆಯ ತಲೆಬುರುಡೆಯೊಂದು ದೊರೆತಾಗ ಜನ ಗೆದ್ದೆವೆಂದುಕೊಂಡರು. ವಸ್ತುಸಂಗ್ರಹಾಲಯದ ತಜ್ಞರು ನೋಡಿದರೆ, ಬುರುಡೆಯೊಳಗೆ ಉಷ್ಣದೇಶದ ಜಿರಲೆಯ ಮೊಟ್ಟೆಕೋಶ! ಯಾರದೋ ಮನೆಯ ಚಿರತೆಚರ್ಮದ ಹಾಸಿನಿಂದ ಕಳಚಿ ಬಂದ ತಲೆ ಅದು.

ನಮ್ಮಲ್ಲಿ ಹೆಸರಿನ ಗೊಂದಲ ಬರೀ ವಿನೋದವಲ್ಲ. ರಾತ್ರಿ ಕರೆಂಟು ಬಂದಾಗ ಒಬ್ಬನೇ ನೀರು ಹಾಯಿಸಲು ಹೋಗುವ ರೈತನಿಗೆ ಅದು ಜೀವದ ಮಾತು. ಚೀತಾ ಹಗಲು ಬೇಟೆಯ ಪ್ರಾಣಿ, ಮನುಷ್ಯನಿಂದ ದೂರ ಸರಿಯುವಂಥದು. ಚಿರತೆ ಕಬ್ಬಿನಲ್ಲಿ ಅಡಗುತ್ತದೆ, ರಾತ್ರಿ ನಾಯಿ ಮೇಕೆಗಳಿಗಾಗಿ ಊರ ಅಂಚಿಗೆ ಬರುತ್ತದೆ. ಕಂಡದ್ದು ಕತ್ತೆಕಿರುಬವಾಗಿದ್ದರೆ ಇಷ್ಟು ಗಾಬರಿ ಬೇಕಿಲ್ಲ. ‘ಆಫ್ರಿಕದ್ದು’ ಎಂದೊಡನೆ ನಗರದವರು ನಗುತ್ತಾರೆ, ನಿಜವಾದ ಚಿರತೆಯ ದೂರೂ ಆ ನಗೆಯಲ್ಲಿ ಮುಳುಗಿಹೋಗುತ್ತದೆ.

ಗುರುತು ಕಷ್ಟವಲ್ಲ. ಚಿರತೆಯ ಮೈಮೇಲೆ ಹೂವಿನಂತೆ ಬಿಡಿಸಿದ ಬಳೆಗಳು. ಚೀತಾದ ಮೈಮೇಲೆ ತುಂಬಿದ ಕರಿ ಬೊಟ್ಟುಗಳು, ಕಣ್ಣಿಂದ ಬಾಯಿಯವರೆಗೆ ಕಣ್ಣೀರಿನಂಥ ಕಪ್ಪು ಗೆರೆ. ಕತ್ತಲಲ್ಲಿ ಇದು ಕಾಣದು, ಸರಿ. ಹೆಜ್ಜೆ ಉಳಿದಿರುತ್ತದೆ: ಚಿರತೆ ನಡೆದಲ್ಲಿ ಉಗುರಿನ ಗುರುತು ಮೂಡುವುದಿಲ್ಲ, ನಾಯಿ, ಕತ್ತೆಕಿರುಬಗಳದು ಮೂಡುತ್ತದೆ. ಬೆಳಗ್ಗೆ ಜನ ಸೇರಿ ತುಳಿಯುವ ಮೊದಲೇ ಆ ಹೆಜ್ಜೆಯ ಮೇಲೊಂದು ಬುಟ್ಟಿ ಬೋರಲು ಹಾಕಿ, ಅರಣ್ಯ ಇಲಾಖೆಯವರನ್ನು ಕರೆಯಬೇಕು.