ತಿಂದದ್ದು ಹುಲ್ಲು, ಕೆಟ್ಟದ್ದು ಗೊರಸು

ಬ್ರಿಟನ್ನಿನಲ್ಲಿ ವಸಂತ ಬಂದು ಹುಲ್ಲುಗಾವಲು ಚಿಗುರಿತೆಂದರೆ ಪೋನಿ ಎಂಬ ಗಿಡ್ಡ ಕುದುರೆ ಸಾಕಿದವರಿಗೆ ಅಳುಕು ಶುರು. ನಿನ್ನೆಯವರೆಗೆ ಚೆನ್ನಾಗಿಯೇ ಮೇಯುತ್ತಿದ್ದ ದುಂಡನೆಯ ಶೆಟ್ಲೆಂಡ್ ಪೋನಿ ಇವತ್ತು ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತುಬಿಟ್ಟಿರುತ್ತದೆ. ಎಳೆದರೂ ಹೆಜ್ಜೆ ಕೀಳದು. ಗೊರಸು ಮುಟ್ಟಿದರೆ ಬಿಸಿ. ಅದರ ಮೇಲಿನ ಗಿಣ್ಣಿನ ಹಿಂಬದಿಗೆ ಬೆರಳಿಟ್ಟರೆ, ಬೇರೆ ದಿನ ಹುಡುಕಿದರೂ ಸಿಗದ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿರುತ್ತದೆ. ಇದೇ ಲ್ಯಾಮಿನೈಟಿಸ್.

ಕುದುರೆ ಗೊರಸಿನ ಮೇಲೆ ನಿಂತಿದೆ ಎನ್ನುವುದಕ್ಕಿಂತ ಅದರೊಳಗೆ ತೂಗುಬಿದ್ದಿದೆ ಎನ್ನುವುದೇ ಸರಿ. ಗೊರಸಿನ ಒಳಗೋಡೆಯಲ್ಲಿ, ಅಣಬೆಯ ಕೊಡೆಯಡಿ ಕಾಣುವಂಥ ತೆಳು ಎಸಳುಗಳು ಸುಮಾರು 550ರಿಂದ 600 ಇರುತ್ತವೆ. ಒಂದೊಂದರಲ್ಲೂ ನೂರಕ್ಕೂ ಮಿಕ್ಕಿ ಕಿರು ಎಸಳುಗಳು. ಕಾಲಿನ ತುದಿಮೂಳೆಯ ಕಡೆಯಿಂದ ಬಂದ ಅಂಥವೇ ಎಸಳುಗಳು ಇವುಗಳ ಸಂದಿಗೆ ಹೊಕ್ಕು ಬೆಸೆದುಕೊಂಡಿವೆ. ಮೈಭಾರ, ಓಟದ ಏಟು ಎಲ್ಲವನ್ನೂ ತಡೆಯುವುದು ಈ ಬೆಸುಗೆ. ಅದು ಬಿಟ್ಟಿತೋ, ಮೂಳೆ ಕುಸಿಯುತ್ತದೆ, ಮೊನೆ ಕೆಳಕ್ಕೆ ತಿರುಗುತ್ತದೆ. ತೀರಾ ಕೆಟ್ಟರೆ ಅಂಗಾಲನ್ನೇ ಸೀಳಿಕೊಂಡು ಹೊರಬರುತ್ತದೆ.

ಹೊಟ್ಟೆಗೂ ಗೊರಸಿಗೂ ಏನು ನಂಟು? ಉಗ್ರಾಣಕ್ಕೆ ನುಗ್ಗಿ ಧಾನ್ಯ ಮುಕ್ಕಿದ ಕುದುರೆಯಲ್ಲಿ ಅರಗದ ಪಿಷ್ಟ ದೊಡ್ಡಕರುಳಿಗಿಳಿದು ಹುಳಿಯುತ್ತದೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ, ಕರುಳಿನ ಗೋಡೆ ಕೆಡುತ್ತದೆ. ಇದು ಹಳೆಯ ವಿವರಣೆ, ಸುಳ್ಳೇನಲ್ಲ. ಆದರೆ ಹುಲ್ಲು ಮೇದು ಕುಂಟುವ ಪೋನಿಗಳಲ್ಲಿ ಹೆಚ್ಚಿನವುಗಳ ಕಥೆ ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಸಂಶೋಧಕ ಕ್ರಿಸ್ ಪೊಲಿಟ್ ಅವರಿದ್ದ ತಂಡ ಆರೋಗ್ಯವಾಗಿದ್ದ ಪೋನಿಗಳ ರಕ್ತಕ್ಕೆ ಇನ್ಸುಲಿನ್ ಹರಿಸುತ್ತಾ ಹೋಯಿತು. ಜೊತೆಗೆ ಗ್ಲೂಕೋಸನ್ನೂ ಕೊಟ್ಟು ರಕ್ತದ ಸಕ್ಕರೆಯನ್ನು ಮಾಮೂಲು ಮಟ್ಟದಲ್ಲೇ ಹಿಡಿದಿಟ್ಟಿತು. 72 ಗಂಟೆಯೊಳಗೆ ಇನ್ಸುಲಿನ್ ಪಡೆದ ಅಷ್ಟಕ್ಕೂ ಲ್ಯಾಮಿನೈಟಿಸ್! 2007ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಅನುಮಾನದ ಬೆರಳು ಇನ್ಸುಲಿನ್ನಿನ ಕಡೆ ತಿರುಗಿತು. ಅದರ ಮಟ್ಟ ಏರಿಯೇ ಇದ್ದರೆ ಎಸಳುಗಳು ಸಣಕಲಾಗಿ ಉದ್ದಕ್ಕೆ ಎಳೆದುಕೊಳ್ಳುತ್ತವೆ, ಹಿಡಿತ ಸಡಿಲುತ್ತದೆ. ಕುದುರೆಗೆ ನಮ್ಮಂತೆ ಮಧುಮೇಹ ಬರುವುದು ಅಪರೂಪ. ಅದರ ಮೇದೋಜೀರಕ ಸೋಲದೆ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಆ ಗಟ್ಟಿತನಕ್ಕೆ ದಂಡ ತೆರುವುದು ಕಾಲು.

ಬಡ ನೆಲದ ಒರಟು ಮೇವಿಗೆ ಒಗ್ಗಿದ ತಳಿಗಳಿಗೆ, ಅದರಲ್ಲೂ ಕತ್ತಿನ ಮೇಲೆ ಕೊಬ್ಬು ಕಟ್ಟಿದವಕ್ಕೆ, ಈ ಅಪಾಯ ಹೆಚ್ಚು. ಇವುಗಳ ಇನ್ಸುಲಿನ್ ಏರಿಸುವುದು ಹುಲ್ಲಿನಲ್ಲಿರುವ ಸಕ್ಕರೆ. ಹುಲ್ಲು ಅದನ್ನು ಬಿಸಿಲಿನಲ್ಲಿ ಕೂಡಿಟ್ಟು ರಾತ್ರಿ ಬೆಳೆಯಲು ಖರ್ಚು ಮಾಡುತ್ತದೆ. ಅದಕ್ಕೇ ನಸುಕಿನಲ್ಲಿ ಮೇಯಿಸಿ ಎನ್ನುತ್ತಾರೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ಮಾತ್ರ ಈ ಲೆಕ್ಕ ನಡೆಯದು. ಚಳಿಗೆ ಬೆಳವಣಿಗೆ ನಿಂತು ಸಕ್ಕರೆ ಎಲೆಯಲ್ಲೇ ಉಳಿದಿರುತ್ತದೆ. ಅವತ್ತು ನೀರಿನಲ್ಲಿ ನೆನೆಸಿದ ಒಣಹುಲ್ಲು ಹಾಕುವುದೇ ವಾಸಿ, ನೆನೆಸಿದ ನೀರನ್ನು ಚೆಲ್ಲಿ.