ಪಾಸ್ಕದ ಐವತ್ತು ದಿನ

ಎಸ್ಸೆಸ್ಸೆಲ್ಸಿಯ ಕೊನೆಯ ಪತ್ರಿಕೆ ಬರೆದು ಮಕ್ಕಳು ಉಸಿರು ಬಿಡುವ ಹೊತ್ತಿಗೆ, ಸರಿಸುಮಾರು ಅದೇ ದಿನಗಳಲ್ಲಿ, ಉಡುಪಿ ಸೀಮೆಯ ಇಗರ್ಜಿಗಳಲ್ಲಿ ಗಂಟೆಗಳು ಮೌನವಾಗುತ್ತವೆ. ಪವಿತ್ರ ಗುರುವಾರ ಸಂಜೆಯ ಬಲಿಪೂಜೆಯಲ್ಲಿ ಮಹಿಮಾಗೀತೆಗೆ ಬಾರಿಸಿದ ಗಂಟೆಯನ್ನು ಮತ್ತೆ ಮುಟ್ಟುವುದು ಶನಿವಾರ ರಾತ್ರಿಯೇ. ನಡುವಿನ ವೇಳೆಗೆ ಮರದ ಹಲಗೆಯ ಸದ್ದು ಮಾತ್ರ. ಶುಕ್ರವಾರ ಮನೆಗಳಲ್ಲಿ ಉಪವಾಸ. ಗಂಜಿ, ಚಟ್ನಿಯಲ್ಲೇ ಒಂದು ಹೊತ್ತು ಕಳೆಯುವವರು ಇನ್ನೂ ಇದ್ದಾರೆ.

ಶನಿವಾರ ರಾತ್ರಿ ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ ಜನ ಅಂಗಳದಲ್ಲಿ ಸೇರುತ್ತಾರೆ. ಹೊಸದಾಗಿ ಹೊತ್ತಿಸಿದ ಬೆಂಕಿಯನ್ನು ಧರ್ಮಗುರುಗಳು ಆಶೀರ್ವದಿಸಿ, ದಪ್ಪನೆಯ ಪಾಸ್ಕಾ ಮೇಣದಬತ್ತಿಯ ಮೇಲೆ ಶಿಲುಬೆ ಗೀರುತ್ತಾರೆ. ಅದರ ಮೇಲೂ ಕೆಳಗೂ ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳು, ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳು. ಯೇಸುವಿನ ಐದು ಗಾಯಗಳ ಗುರುತಾಗಿ ಐದು ಧೂಪದ ಹರಳು. ಆ ಒಂದು ಬತ್ತಿಯಿಂದ ನೂರಾರು ಬತ್ತಿಗಳಿಗೆ ಬೆಳಕು ಹರಿದು, ಕತ್ತಲೆಯ ಇಗರ್ಜಿ ಮುಖಮುಖವಾಗಿ ಬೆಳಗುತ್ತದೆ. ಆಗ ಹಾಡುವ ಪ್ರಾಚೀನ ಸ್ತೋತ್ರದಲ್ಲಿ ಮೇಣ ಕೂಡಿಟ್ಟ ಜೇನ್ನೊಣಗಳಿಗೂ ಒಂದು ಮಾತು ಸಲ್ಲುತ್ತದೆ! ಇಷ್ಟು ದೊಡ್ಡ ರಾತ್ರಿಯಲ್ಲಿ ಅಷ್ಟು ಸಣ್ಣ ಜೀವಿಯನ್ನು ನೆನೆದವರು ಯಾರೋ, ರಸಿಕರೇ ಇರಬೇಕು.

ಮರುದಿನ ಭಾನುವಾರ. ಬಫಾತ್, ಸನ್ನಾಂ, ಮಕ್ಕಳಿಗೆ ಸಕ್ಕರೆಯ ಮೊಟ್ಟೆ. ಅಲ್ಲಿಗೆ ಈಸ್ಟರ್ ಮುಗಿಯಿತೆಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರಲ್ಲೂ ಹಾಗೆ ತಿಳಿದವರು ಕಡಿಮೆಯೇನಲ್ಲ. ಆದರೆ ಧರ್ಮಸಭೆಯ ಲೆಕ್ಕದಲ್ಲಿ ಹಬ್ಬ ಆಗಷ್ಟೇ ಆರಂಭ. ಪೆಂತೆಕೋಸ್ತ್ ಭಾನುವಾರದವರೆಗೆ ಐವತ್ತು ದಿನವೂ ಪಾಸ್ಕದ ಕಾಲವೇ. ಪೂಜಾವಸ್ತ್ರ ಬಿಳಿ, ತಪಸ್ಸುಕಾಲದಲ್ಲಿ ಬಾಯಿಗೆ ತರದಿದ್ದ ‘ಅಲ್ಲೆಲೂಯಾ’ ಈಗ ಮಾತುಮಾತಿಗೆ. ಪಾಸ್ಕಾ ಬತ್ತಿ ಬಲಿಪೀಠದ ಬಳಿಯಲ್ಲೇ ನಿಂತಿರುತ್ತದೆ.

ಪಾಸ್ಕದ ದಿನ ವರ್ಷವರ್ಷವೂ ಬದಲಾಗುವುದೇಕೆಂದು ಮಕ್ಕಳು ಕೇಳುವುದುಂಟು. ಮಾರ್ಚ್ 21ರಂದು ಅಥವಾ ಅದರ ಬಳಿಕ ಬರುವ ಹುಣ್ಣಿಮೆಯ ನಂತರದ ಭಾನುವಾರವೇ ಪಾಸ್ಕ. ಹುಣ್ಣಿಮೆಯನ್ನು ಲೆಕ್ಕ ಹಾಕುವುದು ಮಾತ್ರ ಚರ್ಚಿನ ಹಳೆಯ ಕೋಷ್ಟಕದಂತೆ. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮುಂಚೆಯಾಗಲೀ ಎಪ್ರಿಲ್ 25ರ ಅನಂತರವಾಗಲೀ ಬರುವಂತಿಲ್ಲ. ಚಾಂದ್ರಮಾನ ಯುಗಾದಿಯೂ ಸೌರಮಾನದ ಬಿಸುವೂ ಪಕ್ಕಪಕ್ಕದಲ್ಲಿರುವ ತುಳುನಾಡಿನವರಿಗೆ ಸೂರ್ಯಚಂದ್ರರನ್ನು ಕೂಡಿಸಿದ ಈ ಲೆಕ್ಕ ಅರ್ಥವಾಗಲು ಕಷ್ಟವಿಲ್ಲ. ಇನ್ನೊಂದು ಹೊಂದಾಣಿಕೆಯೂ ಇದೆ. ಪರೀಕ್ಷೆ ಮುಗಿಯುವಾಗ ಆರಂಭವಾಗಿ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಮುಗಿಯುವ ಈ ಐವತ್ತು ದಿನ ಬಹುಮಟ್ಟಿಗೆ ಮಕ್ಕಳ ದೊಡ್ಡ ರಜೆಯೇ. ಒಂದು ಇಗರ್ಜಿಯ ಬದುಕನ್ನು ಮಗು ಕೈಯಾರೆ ಮಾಡಿ ಕಲಿಯುತ್ತಿದ್ದುದು ಈ ರಜೆಯಲ್ಲಿ. ಈಗ ಆತಂಕವಿರುವುದೂ ಇಲ್ಲೇ.

ಉಡುಪಿ ಸ್ವತಂತ್ರ ಕಥೊಲಿಕ ಧರ್ಮಪ್ರಾಂತವಾದದ್ದು ಇತ್ತೀಚೆಗೆ, 2012ರಲ್ಲಿ. ಅಲ್ಲಿಯವರೆಗೆ ಅದು ಮಂಗಳೂರಿನದ್ದೇ ಭಾಗ. ಆದರೆ ಇಗರ್ಜಿಗಳು ಹಳೆಯವು. ಈಗ ಪ್ರಧಾನಾಲಯವಾಗಿರುವ ಕಲ್ಯಾಣಪುರದ ಮಿಲಾಗ್ರಿಸ್ 1678ರದ್ದು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿ 1759ರದ್ದು. ಜನವರಿಯ ಜಾತ್ರೆಯಿಂದಾಗಿ ಅತ್ತೂರನ್ನು ಎಲ್ಲ ಮತದವರೂ ಬಲ್ಲರು. 2016ರಲ್ಲಿ ಅದಕ್ಕೆ ಬಸಿಲಿಕಾ ಪದವಿ ದೊರೆಯಿತು. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಇಗರ್ಜಿಗಳು ನೆಲಸಮವಾದವು. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಆ ವರ್ಷ ಪಾಸ್ಕ ಮಾರ್ಚ್ 24ಕ್ಕೆ ಬಂದಿತ್ತು. ಎಣಿಸಿದರೆ ಅದು ಪಾಸ್ಕದ 42ನೇ ದಿನ! ತಪಸ್ಸುಕಾಲದಲ್ಲಿ ಆರಂಭವಾದ ಸೆರೆ ಹದಿನೈದು ವರ್ಷಗಳ ಬಳಿಕ ಪಾಸ್ಕದ ಕಾಲದಲ್ಲಿ ಮುಗಿಯಿತು. ಬದುಕುಳಿದು ಮರಳಿದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಈ ಕಾಲದ ದಿನದಿನದ ಬಲಿಪೂಜೆಯಲ್ಲಿ ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥವನ್ನು ಓದಿಸುತ್ತಾರೆ. ಜೆರುಸಲೇಮಿನ ಮೊದಲ ವಿಶ್ವಾಸಿಗಳು ಆಸ್ತಿಪಾಸ್ತಿ ಹಂಚಿಕೊಂಡು ಬಾಳಿದ ಕತೆ ಅದರಲ್ಲಿದೆ. ಹೆಚ್ಚು ಸ್ವಾರಸ್ಯವಿರುವುದು ಅವರ ಮೊದಲ ಜಗಳದಲ್ಲಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸಲಾಯಿತೆಂದು ದೂರು ಬಂತು. ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಬೇಕಾಯಿತು. ಕರಾವಳಿಯ ಇಗರ್ಜಿಗಳಲ್ಲಿ ವಾಡೊ ಎಂಬ ಒಂದೊಂದು ವಠಾರಕ್ಕೂ ಒಬ್ಬ ಗುರ್ಕಾರ ಇರುತ್ತಾನೆ. ಮನೆಯಲ್ಲಿ ಕಾಯಿಲೆಯೇ, ಮಗಳ ಮದುವೆಯೇ, ಮಗನಿಗೆ ಫೀಸು ಕಟ್ಟಲಾಗಲಿಲ್ಲವೇ, ಸುದ್ದಿ ವಿಗಾರರಿಗೆ ಮುಟ್ಟುವುದು ಅವನ ಮೂಲಕ. ಗುರ್ಕಾರರ ಸಭೆಗಳಲ್ಲಿ ಏಳುವ ವಾಗ್ವಾದಗಳಿಗೂ ಎರಡು ಸಾವಿರ ವರ್ಷಗಳ ವಂಶಾವಳಿ ಇದೆಯೆಂದಾಯಿತು.

ಮಾತಿನ ಪ್ರಶ್ನೆ ಇಲ್ಲಿಯೂ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಯವರೆಗೆ (1962-65) ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಅನಂತರ ಅದು ಜನರ ನುಡಿಗೆ ಬಂತು. ಉಡುಪಿ, ಕಾಪು, ಕಾರ್ಕಳಗಳಲ್ಲಿ ಹೆಚ್ಚಾಗಿ ಕೊಂಕಣಿಗೆ. ಬರೆಯುವುದು ಕನ್ನಡ ಲಿಪಿಯಲ್ಲಿ, ಮಾತು ಕೊಂಕಣಿ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆ ಈ ಓದನ್ನು ಮನೆಮನೆಗೆ ಒಯ್ದಿತು. ಸಂಜೆ ತೆರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳುವ ಮನೆಗಳಲ್ಲಿ ಈ ನುಡಿ ಪ್ರಾರ್ಥನೆಯಿಂದಲೇ ಉಳಿದಿದೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದೆ. ಆದರೂ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಪಾಸ್ಕದ ರಾತ್ರಿ ವಾಚನ ಓದಲು ಹೇಳಿದರೆ ಲಿಪಿಯಲ್ಲೇ ತಡವರಿಸುವುದುಂಟು. ಮಗು ಪೆದ್ದಲ್ಲ. ಅಭ್ಯಾಸ ಮಾಡಿಸಬೇಕಾದವರಿಗೆ ಪುರಸೊತ್ತಿಲ್ಲ, ಅಷ್ಟೆ.

ಮಣಿಪಾಲದ ಕತೆ ಬೇರೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳು ಅಲ್ಲಿದ್ದಾರೆ. ಕೇರಳ, ಗೋವಾ, ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಪೂಜೆಯೇ ಆಸರೆ. ಪರೀಕ್ಷೆಯ ಕಾರಣ ಊರಿಗೆ ಹೋಗಲಾಗದೆ ಹಾಸ್ಟೆಲಿನಲ್ಲೇ ಉಳಿದವರಿಗೆ ಹಬ್ಬದ ದಿನ ಹತ್ತಿರದ ಮನೆಯೊಂದರಿಂದ ಊಟದ ಕರೆ ಬಂದರೆ ಆ ವರ್ಷದ ಪಾಸ್ಕ ನೆನಪಿನಲ್ಲಿ ಉಳಿಯುತ್ತದೆ.

ಪರೀಕ್ಷೆ ಮತ್ತು ಹಬ್ಬದ ಜಗ್ಗಾಟಕ್ಕೆ 2025ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ವರ್ಷ ರಾಜ್ಯದ ಸಿಇಟಿ ನಡೆದದ್ದು ಎಪ್ರಿಲ್ 16 ಮತ್ತು 17ರಂದು. 17 ಪವಿತ್ರ ಗುರುವಾರ. ಹಗಲು ಪರೀಕ್ಷಾ ಕೊಠಡಿ, ಸಂಜೆ ಹನ್ನೆರಡು ಮಂದಿಯ ಕಾಲು ತೊಳೆಯುವ ವಿಧಿ. ನೀಟ್ ಬಂದದ್ದು ಮೇ 4ಕ್ಕೆ, ಪಾಸ್ಕದ ಮೂರನೇ ಭಾನುವಾರ. ಅಂದು ಬೆಳಗ್ಗೆ ಕಥೊಲಿಕ ಇಗರ್ಜಿಗಳಲ್ಲಿ ಓದಿದ ಶುಭಸಂದೇಶ ಮೀನುಗಾರರದ್ದು. ರಾತ್ರಿಯಿಡೀ ಬಲೆ ಬೀಸಿದರೂ ಶಿಷ್ಯರಿಗೆ ಒಂದು ಮೀನೂ ಸಿಕ್ಕಲಿಲ್ಲ. ಮುಂಜಾನೆ ದಡದಲ್ಲಿ ನಿಂತವನೊಬ್ಬ ದೋಣಿಯ ಬಲಕ್ಕೆ ಬಲೆ ಹಾಕಿರೆಂದ. 153 ದೊಡ್ಡ ಮೀನು! ಬರಿಗೈಯಲ್ಲಿ ಮರಳುವ ದೋಣಿಗಳನ್ನು ಮಲ್ಪೆ, ಕಾಪುವಿನವರು ಕಂಡೇ ಇದ್ದಾರೆ. ಆದರೆ ದಡದಲ್ಲಿದ್ದವನು ಮೊದಲು ಕೇಳಿದ್ದು ಲೆಕ್ಕವನ್ನಲ್ಲ. ಕೆಂಡದ ಮೇಲೆ ಮೀನು, ರೊಟ್ಟಿ ಸಿದ್ಧಮಾಡಿಟ್ಟು ಬಂದು ಉಣ್ಣಿರಿ ಎಂದ. ಅಂಕಪಟ್ಟಿಗೆ ಕಾದು ಕೂತ ಹೆತ್ತವರು ಈ ಭಾಗವನ್ನು ಇನ್ನೊಮ್ಮೆ ಓದಿದರೆ ನಷ್ಟವಿಲ್ಲ.

ಮೊದಲು ದೊಡ್ಡ ರಜೆಯೆಂದರೆ ಅಜ್ಜಿಮನೆ, ಹಾಡಿನ ತರಬೇತಿ, ಬಲಿಪೀಠದ ಸೇವೆಗೆ ಪಾಳಿ. ಈಗ ರಜೆಯ ಅರ್ಧವನ್ನು ಕೋಚಿಂಗ್ ತರಗತಿ ನುಂಗುತ್ತದೆ. ಓದು ಬೇಡವೆನ್ನುವವರು ಯಾರೂ ಇಲ್ಲ. ಶಾಲೆಗಳನ್ನು ತೆರೆದು ಓದಿಸಿದ ಸಮುದಾಯವಿದು. ಆದರೆ ಹದಿನೇಳು ವರ್ಷದವನು ಸಾವಿನ ಮನೆಗೆ ಹೋಗಿ ಕುರ್ಚಿ ಜೋಡಿಸಿ ಗೊತ್ತಿಲ್ಲದೆ ಬೆಳೆದರೆ ಅದನ್ನು ಯಾವ ತರಗತಿ ಕಲಿಸೀತು?

ಉಳಿದಿರುವುದೂ ಸಾಕಷ್ಟಿದೆ. ಮೂರು ನಾಲ್ಕನೇ ತರಗತಿಯ ಮಕ್ಕಳು ಬಿಳಿಯುಡುಗೆಯಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸುವುದು ಹೆಚ್ಚಾಗಿ ಈ ಎಪ್ರಿಲ್-ಮೇ ತಿಂಗಳಲ್ಲೇ. ತಪಸ್ಸುಕಾಲದಲ್ಲಿ ಮದುವೆ ಇಡುವ ಪದ್ಧತಿಯಿಲ್ಲವಾದ್ದರಿಂದ ಪಾಸ್ಕ ಕಳೆದದ್ದೇ ಮದುವೆಗಳ ಸಾಲು. ಮುಂಬಯಿ, ಕೊಲ್ಲಿ ರಾಷ್ಟ್ರಗಳಿಂದ ಜನ ಊರಿಗೆ ಬರುವುದೂ ಆಗಲೇ. ಮದುವೆಯ ಮುನ್ನಾದಿನ ರೋಸ್. ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಹಿರಿಯ ಹೆಂಗಸರು ವೊವಿಯೊ ಹಾಡಲು ತೊಡಗಿದರೆ ಮೊಬೈಲ್ ಹಿಡಿದ ಮೊಮ್ಮಕ್ಕಳೂ ಚಪ್ಪಾಳೆ ತಟ್ಟುತ್ತಾರೆ. ಹಾಡಿನ ಅರ್ಥ ಆಮೇಲೆ ಕೇಳಿಕೊಂಡರಾಯಿತು.

ಉಡುಪಿ, ಕಾಪು, ಮೂಲ್ಕಿ ಕಡೆಯ ಪ್ರೊಟೆಸ್ಟೆಂಟ್ ಕುಟುಂಬಗಳ ಪಾಸ್ಕಕ್ಕೆ ತುಳು ಮತ್ತು ಕನ್ನಡದ ದನಿ. ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರು ತಲುಪಿದ್ದು 1834ರಲ್ಲಿ; ಅವರಲ್ಲಿ ಒಬ್ಬರಾದ ಗ್ರೈನರ್ ಅವರ ಶ್ರಮದಿಂದ ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಹೊರಬಂತು. ಉಡುಪಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದ ಡಾ. ಈವಾ ಲೊಂಬಾರ್ಡ್ ಈ ಪರಂಪರೆಯವರೇ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅನೇಕ ಕಡೆ ಈಸ್ಟರ್ ಆರಾಧನೆ ಬೆಳಕು ಹರಿಯುವ ಮುನ್ನವೇ, ಕೆಲವೆಡೆ ಸ್ಮಶಾನದಲ್ಲಿ, ಆರಂಭವಾಗುತ್ತದೆ. ಜರ್ಮನಿಯ ಹೆರ್ನ್‌ಹುಟ್ ಎಂಬಲ್ಲಿ 1732ರಲ್ಲಿ ಮೊರಾವಿಯನ್ ಯುವಕರು ಸಮಾಧಿಗಳ ನಡುವೆ ನಿಂತು ಸೂರ್ಯನನ್ನು ಎದುರುಗೊಂಡದ್ದು ಇದರ ಮೂಲ.

ಸಾವು ಈ ಹಬ್ಬದಿಂದ ದೂರವಿಲ್ಲ. 2020ರ ಪಾಸ್ಕ ಎಪ್ರಿಲ್ 12ಕ್ಕೆ ಬಂದಾಗ ಕೋವಿಡ್ ಲಾಕ್‌ಡೌನಿನಿಂದ ಇಗರ್ಜಿಗಳ ಬಾಗಿಲು ಮುಚ್ಚಿತ್ತು. ಜನ ಮನೆಯಲ್ಲೇ ಬತ್ತಿ ಹಚ್ಚಿ ಫೋನಿನ ಪರದೆಯಲ್ಲಿ ಪೂಜೆ ಕಂಡರು. 2025ರಲ್ಲಿ ಪಾಸ್ಕದ ಮರುದಿನವೇ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಅವರ ಆತ್ಮಶಾಂತಿಗೆ ಪ್ರಾರ್ಥಿಸಿದ ಇಗರ್ಜಿಗಳಲ್ಲಿ ಪಾಸ್ಕಾ ಬತ್ತಿ ಆಗಷ್ಟೇ ಉರಿಯತೊಡಗಿತ್ತು. ಪಾಸ್ಕದ ಕಾಲ ಮುಗಿಯುವ ಮೊದಲೇ, ಮೇ 8ರಂದು, ಹದಿನಾಲ್ಕನೇ ಲಿಯೊ ಆಯ್ಕೆಯಾದರು.

ಐವತ್ತನೇ ದಿನ ಪೆಂತೆಕೋಸ್ತ್. ನಾನಾ ದೇಶದವರು ತಂತಮ್ಮ ನುಡಿಯಲ್ಲೇ ಪ್ರೇಷಿತರ ಮಾತು ಕೇಳಿಸಿಕೊಂಡರೆಂಬ ವಾಚನ ಅಂದಿನದು. ಆ ದಿನ ವಿಶ್ವಾಸಿಗಳ ಪ್ರಾರ್ಥನೆಯನ್ನು ಕೊಂಕಣಿ, ಕನ್ನಡ, ತುಳು, ಇಂಗ್ಲಿಷ್, ಮಲಯಾಳಗಳಲ್ಲಿ ಒಬ್ಬೊಬ್ಬರು ಹೇಳುವ ಕ್ರಮ ಕೆಲವೆಡೆ ಇದೆ. ತುಳುವಿನ ಸರದಿಗೆ ಹುಡುಗರು ನಗುವುದೂ ಉಂಟು. ಸಾಮಾನ್ಯವಾಗಿ ಆ ಹೊತ್ತಿಗೆ ಆಕಾಶ ಕಪ್ಪಾಗಿರುತ್ತದೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ದೋಣಿಗಳು ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಪೇಟೆಯಲ್ಲಿ ಕೊಡೆ, ನೋಟ್‌ಬುಕ್ಕುಗಳ ವ್ಯಾಪಾರ. ಪೂಜೆ ಮುಗಿದ ಬಳಿಕ ಪಾಸ್ಕಾ ಬತ್ತಿಯನ್ನು ಬಲಿಪೀಠದ ಬಳಿಯಿಂದ ತೆಗೆದು ಜ್ಞಾನಸ್ನಾನದ ತೊಟ್ಟಿಯ ಪಕ್ಕ ಇಡುತ್ತಾರೆ. ಇನ್ನು ಅದನ್ನು ಹೊತ್ತಿಸುವುದು ಹಸುಗೂಸೊಂದರ ಜ್ಞಾನಸ್ನಾನಕ್ಕೆ, ಇಲ್ಲವೇ ವಾಡೊದ ಯಾರಾದರೂ ತೀರಿಕೊಂಡಾಗ ಶವಪೆಟ್ಟಿಗೆಯ ಬಳಿ.