ನಗುವ ಅಕ್ಷರಕ್ಕೂ ಒಂದು ಹೊತ್ತು

ಅಕ್ಷರಕ್ಕೂ ಮುಖಭಾವವುಂಟೆಂದರೆ ಓದುಗರು ನಕ್ಕಾರು. ಒಂದು ಕಾಲಕ್ಕೆ ನಾನೂ ನಕ್ಕವನೇ. ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ತೀರಿಕೊಂಡಾಗ, ಸಂತಾಪಸಭೆಯ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಗಣಕಯಂತ್ರದಲ್ಲಿ ಕಣ್ಣಿಗೆ ಹಿತವೆನಿಸಿದ ದುಂಡನೆಯ ಅಕ್ಷರವೊಂದನ್ನು ಆರಿಸಿಕೊಂಡೆ. ಅದನ್ನು ಓದಿದ ಅವರ ಮಗಳು ಮೆಲ್ಲನೆ, “ಸಾರ್, ಇದು ಯಾವುದೋ ಹುಟ್ಟುಹಬ್ಬದ ಕರೆಯೋಲೆಯಂತಿದೆಯಲ್ಲ?” ಎಂದರು. ನನ್ನ ನಾಲಗೆ ಕಟ್ಟಿತು.

ಆ ಅಕ್ಷರದ ಹೆಸರು ಕಾಮಿಕ್ ಸ್ಯಾನ್ಸ್. ಅದರ ಜನ್ಮವೃತ್ತಾಂತವೂ ಇಂತಹುದೇ ಒಂದು ಎಡವಟ್ಟಿನಿಂದ ಮೊದಲಾಗುತ್ತದೆ. 1994ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಕೊನೇರ್ ಎಂಬ ಅಕ್ಷರಶಿಲ್ಪಿ, ‘ಬಾಬ್’ ಎಂಬ ತಂತ್ರಾಂಶದ ಪ್ರಾಯೋಗಿಕ ರೂಪವನ್ನು ನೋಡುತ್ತಿದ್ದರು. ಗಣಕಕ್ಕೆ ಹೊಸಬರಾದವರ ಅಂಜಿಕೆ ಬಿಡಿಸಲೆಂದು ಅದರಲ್ಲಿ ಚಿತ್ರದ ನಾಯಿಯೊಂದು ಮಾತಾಡುತ್ತಿತ್ತು. ಮಾತುಗಳು ಮಾತ್ರ ಟೈಮ್ಸ್ ನ್ಯೂ ರೋಮನ್ ಎಂಬ, ಲಂಡನ್ನಿನ ವೃತ್ತಪತ್ರಿಕೆಗಾಗಿ ಹುಟ್ಟಿದ ಗಂಭೀರ ಅಕ್ಷರದಲ್ಲಿದ್ದವು. ನಾಯಿ ನ್ಯಾಯಾಧೀಶನ ಗತ್ತಿನಲ್ಲಿ ಮಾತಾಡಿದರೆ ಹೇಗೆ? ಕೊನೇರ್ ತಮ್ಮ ಬಳಿಯಿದ್ದ ಚಿತ್ರಕಥೆಗಳ ಪುಸ್ತಕಗಳನ್ನು ತೆರೆದು, ಪಾತ್ರಗಳ ಮಾತಿನ ಗುಳ್ಳೆಗಳಲ್ಲಿದ್ದ ಕೈಬರಹವನ್ನು ಮಾದರಿಯಾಗಿಟ್ಟುಕೊಂಡು ಹೊಸ ಅಕ್ಷರವನ್ನು ರೂಪಿಸಿದರು. ಆ ನಾಯಿಗೆ ಅದು ಒದಗಿಬರಲಿಲ್ಲ. ಆದರೆ 1995ರಲ್ಲಿ ವಿಂಡೋಸ್ 95ರ ‘ಪ್ಲಸ್’ ಸಂಪುಟದೊಡನೆ ಹೊರಬಂದು ಲೋಕವನ್ನೆಲ್ಲ ಸುತ್ತಿತು.

ಸುತ್ತಿದುದೇ ಅದಕ್ಕೆ ಮುಳುವಾಯಿತು. ಅಂಗಡಿಯ ಫಲಕ, ಕಚೇರಿಯ ಸುತ್ತೋಲೆ, ಎಚ್ಚರಿಕೆಯ ಮಾತು ಎಲ್ಲಕ್ಕೂ ಅದನ್ನೇ ಬಳಸಿದ್ದನ್ನು ಕಂಡು ಬಲ್ಲವರು ಸಿಡಿಮಿಡಿಗೊಂಡರು. ನಿಷೇಧಿಸಬೇಕೆಂಬ ಚಳವಳಿಯೂ ಎದ್ದಿತು. 2012ರ ಜುಲೈ 4ರಂದು ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಹಿಗ್ಸ್ ಕಣದ ಶೋಧವನ್ನು ಪ್ರಕಟಿಸಿದಾಗ, ವಿಜ್ಞಾನಿ ಫಾಬಿಯೋಲಾ ಜಿಯಾನೊಟ್ಟಿ ತೋರಿಸಿದ ಪುಟಗಳು ಇದೇ ಅಕ್ಷರದಲ್ಲಿದ್ದವು. ಅಂತಹ ಮಹಾಶೋಧದ ನಡುವೆಯೂ ಅಕ್ಷರದ ಮಾತು ಎದ್ದುಬಿಟ್ಟಿತು!

ಹಾಗೆಂದು ಅದನ್ನು ಹಳಿಯುವುದು ನ್ಯಾಯವಲ್ಲ. ಅದರ ‘ಎ’ ಅಕ್ಷರ ಮಗು ಸ್ಲೇಟಿನ ಮೇಲೆ ತಿದ್ದುವ ಆಕಾರದಲ್ಲೇ ಇದೆ. ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕುಳ್ಳವರಿಗೆ ಅನುಕೂಲವೆಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘ ಸೂಚಿಸಿರುವ ಅಕ್ಷರಗಳಲ್ಲಿ ಇದೂ ಒಂದು. ಶಿಶುವಿಹಾರದ ಗೋಡೆ, ಹುಟ್ಟುಹಬ್ಬದ ಓಲೆ, ಚಿತ್ರಕಥೆಯ ಸಂಭಾಷಣೆ, ಇವು ಅದರ ತವರು. ಕನ್ನಡಕ್ಕೂ ‘ಬಲೂ ತಮ್ಮ’ದಂತಹ ಲವಲವಿಕೆಯ ಅಕ್ಷರಗಳು ಬಂದಿವೆ, ಅವುಗಳಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದೇನಲ್ಲ. ಮದುವೆಯ ಲಗ್ನಪತ್ರಿಕೆಯ ಅಂಚಿಗೆ ಅರಿಸಿನ ಹಚ್ಚುತ್ತೇವೆ. ವೈಕುಂಠ ಸಮಾರಾಧನೆಯ ಪತ್ರಕ್ಕೆ ಹಚ್ಚುವುದಿಲ್ಲ. ಅರಿಸಿನದಲ್ಲಿ ದೋಷವಿಲ್ಲ, ಹೊತ್ತು ನೋಡಬೇಕು, ಅಷ್ಟೆ. ಪತ್ರವನ್ನು ಕೈಗೆತ್ತಿಕೊಳ್ಳುವವರ ಮನಸ್ಸು ಆಗ ಹೇಗಿದ್ದೀತು ಎಂದು ಒಂದು ಗಳಿಗೆ ಯೋಚಿಸಿದರೆ, ಯಾವ ಅಕ್ಷರ ತಕ್ಕುದೆಂಬುದು ತಾನಾಗಿಯೇ ಹೊಳೆಯುತ್ತದೆ.

ಅಂದು ಸಂಜೆಯೇ ಸೂಚನಾಪತ್ರವನ್ನು ಬೇರೊಂದು ಅಕ್ಷರದಲ್ಲಿ ಸಿದ್ಧಪಡಿಸಿ, ನಾನೇ ಆ ಮನೆಗೆ ಹೋಗಿ ಕೊಟ್ಟುಬಂದೆ. ಕಾಮಿಕ್ ಸ್ಯಾನ್ಸನ್ನು ನಾನು ಬಿಟ್ಟಿಲ್ಲ. ನನ್ನ ಮಗಳ ಶಾಲಾಪುಸ್ತಕಗಳ ಮೇಲೆ ಅವಳ ಹೆಸರು ಅದರಲ್ಲೇ ಇದೆ. ಅಲ್ಲಿ ಅದು ನಗುತ್ತದೆ. ನೋಡಿ ಅವಳೂ ನಗುತ್ತಾಳೆ.